ತೂಕದ ಜೊತೆಗೆ ಮಾತನ್ನೂ ಗಮನಿಸೋಣ

ನಮ್ಮ ಅಂಗನವಾಡಿಗಳಲ್ಲಿ ಮಗುವಿನ ತೂಕ ಮತ್ತು ಎತ್ತರ ನಿಯಮಿತವಾಗಿ ದಾಖಲಾಗುತ್ತವೆ. 2021ರಿಂದ ಈ ಅಂಕಿಗಳು ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ತಂತ್ರಾಂಶದ ಮೂಲಕ ದೆಹಲಿಯವರೆಗೂ ತಲುಪುತ್ತಿವೆ. ಆದರೆ ಮೂರು ವರ್ಷದ ಆ ಮಗು ಹೊರಗಿನವರಿಗೂ ಅರ್ಥವಾಗುವಂತೆ ಮಾತನಾಡುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ, ಓರಗೆಯ ಮಕ್ಕಳೊಡನೆ ಆಡುತ್ತದೆಯೇ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಯಾರು ಕೇಳುತ್ತಿದ್ದಾರೆ?

ಕೊಪ್ಪಳ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಇಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ನೀರುಂಟು. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ನೀರು ಹರಿದಲ್ಲಿ ತಾಯಿ ನಸುಕಿನಲ್ಲೇ ನಾಟಿಗೆ ಹೊರಡುತ್ತಾಳೆ, ಹರಿಯದಲ್ಲಿ ಕುಟುಂಬವೇ ಗುಳೆ ಹೋಗುತ್ತದೆ. ಮಗು ಅಜ್ಜಿಯ ಅಥವಾ ಅಕ್ಕನ ಕೈಗೆ ಬೀಳುತ್ತದೆ. ಇಂಥ ಮನೆಗಳ ಮಗುವನ್ನು ದಿನವೂ ಗಮನಿಸಬಲ್ಲ ಹೊರಗಿನ ಕಣ್ಣು ಅಂಗನವಾಡಿಯದು ಮಾತ್ರ.

ಬೆಳವಣಿಗೆಯ ಮೈಲಿಗಲ್ಲುಗಳನ್ನು ಗುರುತಿಸಲು ದೊಡ್ಡ ಉಪಕರಣಗಳು ಬೇಕಿಲ್ಲ. ಮೂರರ ಹೊತ್ತಿಗೆ ಮಗುವಿನ ಮಾತು ಬಹುಪಾಲು ಪರರಿಗೂ ತಿಳಿಯಬೇಕು. ನಾಲ್ಕರಲ್ಲಿ ನಾಲ್ಕು ಪದಗಳ ವಾಕ್ಯ ಬರಬೇಕು. ಐದರಲ್ಲಿ ಸಣ್ಣ ಕಥೆ ಹೇಳಬೇಕು, ಒಂಟಿ ಕಾಲಲ್ಲಿ ಕುಪ್ಪಳಿಸಬೇಕು. ಕುಂಟಾಬಿಲ್ಲೆಗಿಂತ ಒಳ್ಳೆಯ ಪರೀಕ್ಷೆ ಇದಕ್ಕೆ ಯಾವುದಿದೆ? ಪ್ರತಿ ಮಗುವಿನ ನಡಿಗೆಯೂ ಬೇರೆ ಎಂಬುದು ನಿಜ. ಕೆಲವು ತಿಂಗಳ ಏರುಪೇರಿಗೆ ಗಾಬರಿಯಾಗಬೇಕಿಲ್ಲ. ಆದರೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಹಿರಿಯರ ಸಮಾಧಾನದಲ್ಲಿ ವರ್ಷಗಳೇ ಕಳೆದುಹೋಗುವುದನ್ನು ನಾನು ಕಂಡಿದ್ದೇನೆ. ಕಿವಿ ಕೇಳದ ಮಗು ಹಟಮಾರಿ ಎನಿಸಿಕೊಳ್ಳುತ್ತದೆ. ಆಟಿಸಂ ಇರುವ ಮಗು ಗರ್ವಿ ಎನಿಸಿಕೊಳ್ಳುತ್ತದೆ. ಶಾಲೆ ಸೇರಿದ ಮೇಲೆ ಇಬ್ಬರಿಗೂ ಸಿಗುವ ಬಿರುದು ‘ದಡ್ಡ’. ಆರು ವರ್ಷದೊಳಗೇ ಮಿದುಳಿನ ಶೇ 85ಕ್ಕೂ ಹೆಚ್ಚು ಬೆಳವಣಿಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿರುವಾಗ, ಈ ವಿಳಂಬ ಸಣ್ಣ ನಷ್ಟವಲ್ಲ.

ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿದೆ. ಆದರೆ ತಂಡ ಬಂದ ದಿನ ಮಗು ಅಪರಿಚಿತರನ್ನು ಕಂಡು ಅಳಬಹುದು, ಇಲ್ಲವೇ ಗುಳೆ ಹೋದ ಊರಿನಲ್ಲಿರಬಹುದು. ದೋಷ ಪತ್ತೆಯಾದರೂ ಮುಂದಿನ ಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ ಮತ್ತೆ ಮತ್ತೆ ಅಲೆಯಬೇಕು. ಕೂಲಿಯವಳಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳ. ವಾಕ್ ಮತ್ತು ಶ್ರವಣಕ್ಕೆ ಹೆಸರಾದ ರಾಷ್ಟ್ರೀಯ ಸಂಸ್ಥೆ ಇರುವುದು ರಾಜ್ಯದ ಇನ್ನೊಂದು ತುದಿಯ ಮೈಸೂರಿನಲ್ಲಿ.

ಇತ್ತ ಚರ್ಚೆ ನಡೆಯುತ್ತಿರುವುದು ಬೇರೆಯದೇ ವಿಷಯಕ್ಕೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಸರ್ಕಾರ ಮುಂದಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಗು ಯಾವ ಸೂರಿನಡಿ ಕೂರಬೇಕೆಂಬುದು ಮುಖ್ಯವೇ. ಅಲ್ಲಿ ಅದು ಏನು ಮಾಡಬೇಕೆಂಬುದು ಅದಕ್ಕಿಂತ ಮುಖ್ಯ. ನಾಲ್ಕರ ಮಗು ಇಂಗ್ಲಿಷ್ ಅಕ್ಷರ ತಿದ್ದುವುದು ನಮ್ಮ ಮಧ್ಯಮವರ್ಗದ ಆಸೆಯ ಮೈಲಿಗಲ್ಲೇ ಹೊರತು ಬೆಳವಣಿಗೆಯದಲ್ಲ. ಆ ಬೆರಳುಗಳಿಗೆ ಮೊದಲು ಬೇಕಾದದ್ದು ಮಣಿ ಪೋಣಿಸುವ, ಮಣ್ಣು ನಾದುವ ಕೆಲಸ. ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಕಿನ್ನಾಳ ಕೊಪ್ಪಳ ತಾಲ್ಲೂಕಿನಲ್ಲೇ ಇದೆ. ಆಟಿಕೆಗಾಗಿ ನಾವು ದೂರ ಹೋಗಬೇಕಿಲ್ಲ.

ಮೂರು ಕೆಲಸಗಳು ತುರ್ತಾಗಿ ಆಗಬೇಕು. ತೂಕದ ಪುಟದ ಪಕ್ಕದಲ್ಲೇ ಮಾತು, ಕೇಳುವಿಕೆ, ಕೈಚಲನೆ, ಆಟ ಇವುಗಳ ಒಂದು ಸರಳ ಪುಟವಿರಲಿ. ಅದನ್ನು ತುಂಬುವಷ್ಟು ಬಿಡುವು ಸಿಗುವಂತೆ ಕಾರ್ಯಕರ್ತೆಯ ತಲೆಯ ಮೇಲಿನ ಸಮೀಕ್ಷೆಗಳ ಹೊರೆ ಇಳಿಯಲಿ. ಗುಳೆ ಹೊರಟ ಮಗುವಿನ ಜೊತೆ ಆ ಪುಟದ ಪ್ರತಿಯೂ ಹೋಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ತನ್ನ ಅನುದಾನದ ಒಂದು ಪಾಲನ್ನು ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ವಾಕ್ ತಜ್ಞರು ಸಿಗುವಂತೆ ಮಾಡಲು ಮೀಸಲಿಡಲಿ. ಕಟ್ಟಡಗಳಿಗೆ ಹಣ ಒದಗಿಸುವ ಮಂಡಳಿಗೆ ಇದು ಹೊರೆಯಾಗದು.