ಮುಹೂರ್ತ ಮೊದಲೋ, ಸಿದ್ಧತೆ ಮೊದಲೋ?

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡಾಗ, ಕರಾವಳಿಯಲ್ಲಿ ಹುಟ್ಟಿ ಬೆಳೆದ ಈ ಸಂಸ್ಥೆಗಳ ನಾಮಫಲಕಗಳು ಮರೆಯಾದುದಕ್ಕೆ ಮರುಗಿದವರು ಅನೇಕರು. ಫಲಕದ ಹಿಂದೆ ನಡೆಯಬೇಕಾಗಿದ್ದ ಅಸಂಖ್ಯ ಖಾತೆಗಳ ಸ್ಥಳಾಂತರವನ್ನು ಕುರಿತು ಯೋಚಿಸಿದವರು ವಿರಳ. ಕಾನೂನಿನ ದೃಷ್ಟಿಯಲ್ಲಿ ವಿಲೀನವು ಒಂದೇ ದಿನದ ಕಾರ್ಯ. ಆದರೆ ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ರದ್ದಾದದ್ದು 2021ರ ಜುಲೈ 1ರಂದು, ಅಂದರೆ ಹದಿನೈದು ತಿಂಗಳ ತರುವಾಯ. ಈ ವಿಳಂಬವನ್ನು ಅಂದು ಹಳಿದವರಿದ್ದರು. ನನಗಾದರೋ ಅದು ವಿವೇಕವೆಂದೇ ತೋರುತ್ತದೆ.

ದತ್ತಾಂಶದ ವರ್ಗಾವಣೆಯೆಂದರೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲು ಮಾಡುವುದೆಂದು ಹೊರಗಿನವರು ಭಾವಿಸುವುದುಂಟು. ನಕಲು ಈ ಕಾರ್ಯದ ಅತ್ಯಂತ ಸುಲಭವಾದ ಭಾಗ. ಹಳೆಯ ಸಂಗ್ರಹದಲ್ಲಿರುವುದೆಲ್ಲವನ್ನೂ ಹೊಸದಕ್ಕೆ ತುಂಬಿ, ತುಂಬುತ್ತಿರುವ ಕಾಲದಲ್ಲಿಯೇ ಹಳೆಯದರಲ್ಲಿ ನಡೆದ ಜಮೆ-ಖರ್ಚುಗಳನ್ನು ಬೆನ್ನಟ್ಟಿ ಸೇರಿಸುತ್ತ ಹೋಗಿ, ಎರಡರ ಅಂತರವು ಕೆಲವು ಕ್ಷಣಗಳಿಗೆ ಇಳಿದ ಮೇಲೆ ವ್ಯವಹಾರವನ್ನು ಹೊಸದರ ಕಡೆಗೆ ತಿರುಗಿಸುವ ವಿಧಾನ ಇಂದು ಸುಪರಿಚಿತವಾಗಿದೆ. ಕಷ್ಟವಿರುವುದು ತಾಳೆ ನೋಡುವುದರಲ್ಲಿ. ಶಾಖೆವಾರು ಖಾತೆಗಳ ಸಂಖ್ಯೆಯೂ ಬಾಕಿ ಮೊತ್ತವೂ ಪೈಸೆಗೆ ಪೈಸೆ ಸರಿಹೊಂದಿದರೂ ಪರೀಕ್ಷೆ ಮುಗಿಯಿತೆನ್ನಲಾಗದು. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲವೂ ಸೇರಿ ಉದ್ದವಾದ ಖಾತೆದಾರರ ಹೆಸರೊಂದು ಹೊಸ ವ್ಯವಸ್ಥೆಯ ಅಂಕಣದಲ್ಲಿ ಹಿಡಿಸದೆ ತನ್ನ ಕೊನೆಯ ಅಕ್ಷರಗಳನ್ನು ಕಳೆದುಕೊಂಡೀತು. ಜಂಟಿ ಖಾತೆಯಲ್ಲಿ ಇಬ್ಬರಲ್ಲಿ ಯಾರಾದರೊಬ್ಬರು ಹಣ ತೆಗೆಯಬಹುದೆಂಬ ಷರತ್ತಿಗೆ ಎರಡು ಕಡೆಗಳಲ್ಲಿಯೂ ಬೇರೆ ಬೇರೆ ಸಂಕೇತವಿದ್ದು, ಅದು ತಪ್ಪಾಗಿ ಪರಿವರ್ತಿತವಾದ ಸಂಗತಿಯು, ಗಂಡ ತೀರಿಕೊಂಡ ಮೇಲೆ ಹೆಂಡತಿ ಪಾಸ್‌ಬುಕ್ ಹಿಡಿದು ಕೌಂಟರಿನ ಮುಂದೆ ನಿಂತಾಗಲೇ ಹೊರಬಿದ್ದೀತು.

ನಮ್ಮ ದೇವಾಲಯಗಳ ಜೀರ್ಣೋದ್ಧಾರದಲ್ಲಿ ಮೊದಲು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ದೇವರನ್ನು ಪ್ರತಿಷ್ಠಾಪಿಸಿ, ನಿತ್ಯಪೂಜೆಗೆ ಲೋಪ ಬಾರದೆಂದು ಖಚಿತಪಡಿಸಿಕೊಂಡ ಮೇಲಲ್ಲವೆ ಗರ್ಭಗುಡಿಯ ಕಲ್ಲನ್ನು ಕದಲಿಸುವುದು? ದತ್ತಾಂಶದ ವಿಷಯದಲ್ಲಿಯೂ ಕ್ರಮವೇ ಮುಖ್ಯ. ಆ ಕ್ರಮವನ್ನು ಕೆಡಿಸುವುದು ಬಹುಮಟ್ಟಿಗೆ ಯಂತ್ರದೋಷವಲ್ಲ, ಮುಂಚಿತವಾಗಿ ಘೋಷಿಸಿಬಿಟ್ಟ ದಿನಾಂಕ.

ಇದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಲಾಯ್ಡ್ಸ್ ಸಮೂಹದಿಂದ ಬೇರ್ಪಟ್ಟ ಈ ಬ್ಯಾಂಕನ್ನು 2015ರಲ್ಲಿ ಸ್ಪೇನಿನ ಸಬಾಡೆಲ್ ಕೊಂಡುಕೊಂಡರೂ, ಲಾಯ್ಡ್ಸ್‌ಗೆ ಶುಲ್ಕ ತೆತ್ತು ಅದರ ಕಂಪ್ಯೂಟರ್ ವ್ಯವಸ್ಥೆಯನ್ನೇ ಬಳಸಬೇಕಾಗಿತ್ತು, ಆದ್ದರಿಂದ ತ್ವರೆ. 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ, 52 ಲಕ್ಷ ಗ್ರಾಹಕರಿದ್ದ ಬ್ಯಾಂಕನ್ನು ಬಹುಪಾಲು ಒಂದೇ ಏಟಿಗೆ ಹೊಸ ವ್ಯವಸ್ಥೆಗೆ ದಾಟಿಸಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ದತ್ತಾಂಶವು ಸುರಕ್ಷಿತವಾಗಿಯೇ ಹೋಗಿ ಸೇರಿತು. ಸೇರಿದ ಮೇಲೆ ಅದರ ಭಾರ ಹೊರಬೇಕಾಗಿದ್ದ ವ್ಯವಸ್ಥೆ ಕುಸಿಯಿತು. ಗ್ರಾಹಕರು ತಮ್ಮ ಖಾತೆಗಳನ್ನೇ ತೆರೆಯಲಾರದೆ ಹೋದರು. ಬ್ಯಾಂಕು ಯಥಾಸ್ಥಿತಿಗೆ ಮರಳಲು ಡಿಸೆಂಬರ್ ಬೇಕಾಯಿತು. ಎರಡು ದತ್ತಾಂಶ ಕೇಂದ್ರಗಳ ಪೈಕಿ ಒಂದನ್ನು ಮಾತ್ರ ಪೂರ್ಣಭಾರದಡಿ ಪರೀಕ್ಷಿಸಲಾಗಿತ್ತೆಂಬುದೂ, ಮುಗಿಯಬೇಕಾದ ದಿನವನ್ನು ಮೊದಲು ಗೊತ್ತುಮಾಡಿ ಅಲ್ಲಿಂದ ಹಿಂದಕ್ಕೆ ಯೋಜನೆ ಹೆಣೆಯಲಾಗಿತ್ತೆಂಬುದೂ 2019ರಲ್ಲಿ ಪ್ರಕಟವಾದ ಸ್ವತಂತ್ರ ವರದಿಯಿಂದ ಬಯಲಾಯಿತು.

ಹೀಗೆ ದಿನವೇ ಯಜಮಾನನಾದ ಕಡೆ, ಪ್ರತಿಯೊಬ್ಬ ಅಧಿಕಾರಿಯೂ ಮೇಲಿನವರಿಗೆ 'ಸಿದ್ಧವಾಗಿದೆ' ಎಂದು ಹೇಳುವುದು ಸ್ವಾಭಾವಿಕ, ಸಿದ್ಧವಿಲ್ಲವೆಂದವನು ಅಪಶಕುನದವನಾಗುತ್ತಾನೆ. ಎರಡು ವ್ಯವಸ್ಥೆಗಳನ್ನು ಜೊತೆಯಲ್ಲಿ ನಡೆಸುವುದೂ ಮೇಲಿಂದ ಮೇಲೆ ಡ್ರೈ ರನ್, ಅಂದರೆ ತಾಲೀಮು, ಮಾಡುವುದೂ ದುಬಾರಿಯೆಂಬ ಆಕ್ಷೇಪ ನಿಜವೇ. ಆದರೆ ಟಿಎಸ್‌ಬಿ ಗ್ರಾಹಕರಿಗೆ ಕೊಟ್ಟ ಪರಿಹಾರ 3 ಕೋಟಿ 27 ಲಕ್ಷ ಪೌಂಡು. 2022ರಲ್ಲಿ ನಿಯಂತ್ರಕರು ವಿಧಿಸಿದ ದಂಡ 4 ಕೋಟಿ 86 ಲಕ್ಷ 50 ಸಾವಿರ ಪೌಂಡು. ಈ ಮೊತ್ತದಲ್ಲಿ ಎಷ್ಟು ಡ್ರೈ ರನ್‌ಗಳು ನಡೆಯುತ್ತಿದ್ದವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಆದುದರಿಂದ, ನಮ್ಮ ಬ್ಯಾಂಕುಗಳೇ ಆಗಲಿ, ಆಸ್ಪತ್ರೆಗಳೇ ಆಗಲಿ, ಸರ್ಕಾರಿ ಇಲಾಖೆಗಳೇ ಆಗಲಿ, ಇಂಥ ಕಾರ್ಯಕ್ಕೆ ಕೈಯಿಕ್ಕುವಾಗ ದಿನಾಂಕವನ್ನು ಘೋಷಿಸುವ ಮುನ್ನ, ಕೊನೆಯ ಗಳಿಗೆಯಲ್ಲಿ 'ಬೇಡ, ಹಿಂದಕ್ಕೆ ಹೋಗೋಣ' ಎನ್ನುವ ಅಧಿಕಾರ ಯಾರದೆಂಬುದನ್ನು ಲಿಖಿತವಾಗಿ ಗೊತ್ತುಪಡಿಸತಕ್ಕದ್ದು. ಹೊಣೆಯೂ ಕೊನೆಗೆ ವ್ಯಕ್ತಿಯದೇ: ಬ್ರಿಟನ್ನಿನ ನಿಯಂತ್ರಕರು ಟಿಎಸ್‌ಬಿಗೆ ದಂಡ ವಿಧಿಸಿ ಸುಮ್ಮನಾಗಲಿಲ್ಲ; ಹೊರಗುತ್ತಿಗೆ ಪಡೆದವರ ಸಿದ್ಧತೆಯನ್ನು ಸಾಕಷ್ಟು ಖಚಿತಪಡಿಸಿಕೊಳ್ಳಲಿಲ್ಲವೆಂದು, 2023ರಲ್ಲಿ, ಅಂದಿನ ಮುಖ್ಯ ಮಾಹಿತಿ ಅಧಿಕಾರಿಗೂ ವೈಯಕ್ತಿಕವಾಗಿ 81,620 ಪೌಂಡು ದಂಡ ಹಾಕಿದರು.