ಮಾರುವ ಮನೆಯ ಬಿಸಿನೀರು

ಬೇಬಿ ಬೆಟ್ಟದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ಮುಂಚೆ ಕೊಂಬು ಹೆರೆದು ಎಣ್ಣೆ ಹಚ್ಚುವುದು, ಕೊರಳಿಗೆ ಹೊಸ ಗೆಜ್ಜೆ ಕಟ್ಟುವುದು ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಅದರಲ್ಲಿ ಮೋಸವೂ ಇಲ್ಲ. ಕೊಳ್ಳುವವನೂ ರೈತನೇ. ಅವನು ಗೆಜ್ಜೆ ನೋಡಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಆದರೆ ಈಚೆಗೆ ಮನೆ ಮಾರುವವರು ಕಲಿತಿರುವ ಸಿಂಗಾರವಿದೆಯಲ್ಲ, ಅದನ್ನು ಮಾತ್ರ ನನಗೆ ಒಪ್ಪಲಾಗುತ್ತಿಲ್ಲ. ಮನೆ ಮಾರಬೇಕೆಂದು ತೀರ್ಮಾನವಾದ ಮರುದಿನವೇ ಬಚ್ಚಲಿಗೆ ಗೀಸರ್, ನಡುಮನೆಗೆ ಎಸಿ! ಇಷ್ಟು ವರ್ಷ ಆ ಮನೆಯಲ್ಲಿ ಬದುಕಿದವರು ಬೇಡವೆಂದು ಬಿಟ್ಟಿದ್ದರೇ, ಅಥವಾ ಅವರಿಗೆ ಬೇಕೇ ಎಂದು ಯಾರೂ ಕೇಳಿರಲಿಲ್ಲವೇ?

ನಮ್ಮ ತವರುಮನೆ ಶ್ರೀರಂಗಪಟ್ಟಣದ ಕೋಟೆಯೊಳಗಿದೆ. ತಾತ ಕಟ್ಟಿಸಿದ್ದು. ಮುಂದೆ ಜಗಲಿ, ಒಳಗೆ ಸಣ್ಣ ತೊಟ್ಟಿ, ಮೇಲೆ ನಾಡಹಂಚು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಾಳೆ. ದೊಡ್ಡಣ್ಣ ಮೈಸೂರಿನಲ್ಲಿ, ಚಿಕ್ಕಣ್ಣ ಬೆಂಗಳೂರಿನಲ್ಲಿ, ನಾನು ಕೆ.ಆರ್. ಪೇಟೆಯಲ್ಲಿ. 2023ರಲ್ಲಿ ದಶಪಥ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿನವರು ಶನಿವಾರ, ಭಾನುವಾರ ನಮ್ಮ ಬೀದಿಗಳಲ್ಲಿ ಹಳೆ ಮನೆ ಹುಡುಕಿಕೊಂಡು ಓಡಾಡತೊಡಗಿದರು; ಹೋಂಸ್ಟೇ ಮಾಡುತ್ತಾರಂತೆ. ಅಣ್ಣಂದಿರಿಗೂ ಮಾರುವ ಯೋಚನೆ ಬಂತು. ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಎಪ್ಪತ್ತೈದು ದಾಟಿದ ಹೆಂಗಸು ಮಳೆಗಾಲದಲ್ಲಿ ಒಬ್ಬಳೇ ಹಂಚು ಸೋರುವ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕೂತಿರುವುದು ನೋಡಲು ಚೆನ್ನಾಗಿರುವುದಿಲ್ಲ.

ಬ್ರೋಕರ್ ಬಂದ. ಮನೆಯೆಲ್ಲ ಸುತ್ತಿ, ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೇಳಿದ: “ಪಾರ್ಟಿ ಬೆಂಗ್ಳೂರಿನವ್ರು ಸಾರ್. ಬಂದವ್ರೇ ಮೊದ್ಲು ಗೋಡೆ ನೋಡ್ತಾರೆ, ಎಸಿ ಐತಾ ಅಂತ. ಆಮೇಲೆ ಬಚ್ಚಲು. ಆ ಹಂಡೆ ಒಲೆ ಏನಾದ್ರೂ ಕಣ್ಣಿಗೆ ಬಿತ್ತೋ, ಐದು ಲಕ್ಷ ಕಮ್ಮಿ ಕೇಳ್ತಾರೆ. ಅದನ್ನ ಮೊದ್ಲು ಒಡೆಸಿ.”

ಅಣ್ಣಂದಿರು ಚೀಟಿ ಬರೆದೇಬಿಟ್ಟರು. ಒಂದೂವರೆ ಟನ್ನಿನ ಎಸಿ ಎರಡು, ಗೀಸರ್ ಒಂದು, ಬಚ್ಚಲಿಗೆ ಟೈಲ್ಸು; ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ. ಮನೆ ಮಾರಿದ ಹಣದಲ್ಲಿ ಮುರಿದುಕೊಂಡು ಉಳಿದದ್ದನ್ನು ಹಂಚಿಕೊಳ್ಳುವುದೆಂದು ಲೆಕ್ಕ.

ಆ ಹಂಡೆ ಒಲೆಯ ಮುಂದೆ ಅವ್ವ ಐವತ್ತೈದು ವರ್ಷಕ್ಕೂ ಮೇಲೆ ಕೂತಿದ್ದಾಳೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ತೆಂಗಿನ ಮಟ್ಟೆ, ಕರಟ, ಕಬ್ಬಿನ ತರಗು, ಏನು ಸಿಕ್ಕಿದರೆ ಅದನ್ನು ತುರುಕಿ, ಊದುಗೊಳವೆ ಹಿಡಿದು ಊದಿ, ಮನೆಯ ಏಳೆಂಟು ಜನಕ್ಕೆ ನೀರು ಕಾಯಿಸಿದ್ದಾಳೆ. ಸ್ನಾನದ ಸರದಿಯಲ್ಲಿ ಅವಳೇ ಕಡೆಯವಳು; ಅಷ್ಟು ಹೊತ್ತಿಗೆ ಹಂಡೆಯ ನೀರು ಉಗುರುಬೆಚ್ಚಗೆ. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ ತೊಟ್ಟಿಯನ್ನೆಲ್ಲ ತುಂಬಿದಾಗ ಗಂಡಸರು ಜಗಲಿಗೆ ಹೋಗಿ ಪೇಪರ್ ಓದುತ್ತಿದ್ದರು. ಮಂಡ್ಯದ ಡಾಕ್ಟರೊಬ್ಬರು ಅವಳ ಎದೆ ನೋಡಿ, “ಬೀಡಿ ಸೇದ್ತೀರೇನಮ್ಮಾ?” ಎಂದು ಕೇಳಿದ್ದುಂಟು. ಒಲೆಯ ಹೊಗೆಯಿಂದಲೂ ಶ್ವಾಸಕೋಶ ಕೆಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಕಡಿಮೆ ಸೌದೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಸಾಗಿಸುವ ಒಲೆಯನ್ನೇ ರೂಪಿಸಿ ಹಳ್ಳಿಗಳಿಗೆ ತಲುಪಿಸಿದರು. ನಮ್ಮ ಮನೆಗೆ ಅದೂ ಬರಲಿಲ್ಲ. ಹದಿನೈದು ಲೀಟರಿನ ಒಳ್ಳೆಯ ಗೀಸರಿನ ಬೆಲೆ ಚಿಕ್ಕಣ್ಣನ ಜೇಬಿನ ಮೊಬೈಲಿಗಿಂತ ಕಡಿಮೆ, ಹಾಗಿದ್ದೂ ಬರಲಿಲ್ಲ. ಈಗ ಮುಖವೇ ಗೊತ್ತಿಲ್ಲದ ಗಿರಾಕಿಗಾಗಿ ಒಂದೇ ವಾರದಲ್ಲಿ ಎಲ್ಲ ಬರಬೇಕಂತೆ!

ಕೇಳಿದರೆ, “ಅವ್ವನೇ ಬೇಡ ಅಂತಿದ್ಲು ಕಣಮ್ಮ” ಎನ್ನುತ್ತಾನೆ ದೊಡ್ಡಣ್ಣ. ಅವ್ವ ಹಾಗೆ ಹೇಳಿದ್ದು ನಿಜ. “ನಂಗ್ಯಾಕಪ್ಪ ಅದು? ನಾಕು ಮಟ್ಟೆ ಹಾಕುದ್ರೆ ನೀರು ಕಾಯ್ತದೆ” ಎಂದೇ ಹೇಳುತ್ತಾಳೆ. ನಮ್ಮ ತಾಯಂದಿರು ಹೊಸ ಸೀರೆಗೂ ಹಾಗೇ ಹೇಳುತ್ತಾರೆ, ಕಣ್ಣಿನ ಆಪರೇಷನ್ನಿಗೂ ಹಾಗೇ ಹೇಳುತ್ತಾರೆ. ಬೇಡವೆಂದವರ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಮಕ್ಕಳು, ಸೌದೆ ಒಡೆಯಲು ಆಳು ಸಿಗುತ್ತಿಲ್ಲ ಎಂದು ಅವಳು ಹೇಳಿದಾಗ ಎಲ್ಲಿದ್ದರು?

ಇರಲಿ, ಈಗ ಆರಿಸುವ ಮಾತಿಗೆ ಬರೋಣ. ಮಾರುವ ಮನೆಗೆ ಆರಿಸುವಾಗ ಗಂಡಸರು ನೋಡುವುದು ಎರಡೇ: ಅಗ್ಗವಾಗಿರಬೇಕು, ಬೆಳ್ಳಗಿರಬೇಕು. ಎಸಿಯ ಮೇಲೆ ಅಂಟಿಸಿರುವ ನಕ್ಷತ್ರದ ಚೀಟಿಯನ್ನು ಓದುವವರಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2010ರಿಂದ ಆ ಚೀಟಿಯನ್ನು ಕಡ್ಡಾಯ ಮಾಡಿದೆ. ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಸುಡುತ್ತದೆ ಎಂಬ ಅಂದಾಜೂ, ಆ ನಕ್ಷತ್ರಗಳು ಯಾವ ಅವಧಿಯವು ಎಂಬುದೂ ಇರುತ್ತದೆ. ಲೆಕ್ಕವನ್ನು ಆಗಾಗ ಬಿಗಿ ಮಾಡುವುದರಿಂದ ಅಂಗಡಿಯ ಮೂಲೆಯಲ್ಲಿ ಉಳಿದ ಹಳೆಯ ಸರಕಿನ ಐದು ನಕ್ಷತ್ರ ಇವತ್ತಿನ ಐದಕ್ಕೆ ಸಮನಲ್ಲ. ಅಣ್ಣಂದಿರು ವಿಚಾರಿಸಿ ಬಂದದ್ದು ಅಂಥದೇ ಒಂದು, ರಿಯಾಯಿತಿಯಲ್ಲಿ. “ನಾವೇನು ಬಿಲ್ ಕಟ್ತೀವಾ?” ಎಂದರು. ಈ ಒಂದು ಮಾತಿನ ಮೇಲೇ ನನ್ನ ಜಗಳ. ಬಿಲ್ ಕಟ್ಟುವುದು ನಾವಲ್ಲವಾದರೆ ಇನ್ನೊಬ್ಬ ಗೃಹಿಣಿ ಕಟ್ಟುತ್ತಾಳೆ. ಒಂದೂವರೆ ಟನ್ನಿನ ಎಸಿ ಗಂಟೆಗೆ ಹೆಚ್ಚೂಕಡಿಮೆ ಒಂದು ಯೂನಿಟ್ ತಿನ್ನುತ್ತದೆಂದು ಹಿಡಿದರೂ, ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ ಇನ್ನೂರ ನಲವತ್ತು ಯೂನಿಟ್. 2023ರ ಆಗಸ್ಟಿನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ ಇನ್ನೂರು ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಇನ್ನು ನಾಡಹಂಚಿನ ಮನೆಗೆ ಎಸಿ ಹಾಕುವುದೆಂದರೆ ಜರಡಿಯಲ್ಲಿ ನೀರು ಹೊತ್ತಂತೆ. ಹಂಚಿನ ಸಂದಿಯಲ್ಲಿ ತಂಪೆಲ್ಲ ಆಕಾಶಕ್ಕೆ ಹೋಗುತ್ತದೆ. ಅದನ್ನು ತಡೆಯಲು ಕೆಳಗೆ ಸುಳ್ಳು ಚಾವಣಿ ಹೊಡೆಸಬೇಕು. ಹೊಡೆಸಿದರೆ ತೊಲೆ, ಜಂತೆ ಮುಚ್ಚಿಹೋಗುತ್ತವೆ, ಗೆದ್ದಲು ಹಿಡಿದರೂ ಕಾಣುವುದಿಲ್ಲ. ಟಿಪ್ಪು 1784ರಲ್ಲಿ ಬೇಸಿಗೆಗೆಂದೇ ದರಿಯಾ ದೌಲತ್ ಕಟ್ಟಿಸಿದಾಗ ಸುತ್ತ ಅಗಲವಾದ ಜಗಲಿ ಬಿಡಿಸಿ ಬಿಸಿಲನ್ನು ಗೋಡೆಗೆ ತಾಗದಂತೆ ತಡೆದ. ನಮ್ಮ ತಾತನೂ ತನ್ನ ಶಕ್ತ್ಯಾನುಸಾರ ಅದನ್ನೇ ಮಾಡಿದ್ದು. ಆ ಮನೆಯ ತಂಪನ್ನು ಮುಚ್ಚಿ, ಅದರ ಮೇಲೆ ಎಸಿಯ ತಂಪು ಕೂರಿಸಿ, ಹೆಚ್ಚು ಬೆಲೆ ಕೇಳುವುದು ಎಂಥ ಜಾಣತನವೋ!

ಎಸಿಯನ್ನೇ ದ್ವೇಷಿಸುವವಳು ಎಂದು ನನ್ನನ್ನು ತಿಳಿಯಬೇಡಿ. ಪಾಂಡವಪುರದಲ್ಲಿ ನನ್ನ ಗೆಳತಿಯ ಮನೆ ಆರ್‌ಸಿಸಿಯದು, ಮಹಡಿ ಕೋಣೆ ಏಪ್ರಿಲ್‌ನಲ್ಲಿ ರೊಟ್ಟಿಯ ಹೆಂಚಿನಂತೆ ಕಾಯುತ್ತದೆ. ಅಂಥ ನೂರಿಪ್ಪತ್ತು ಚದರಡಿಯ ಕೋಣೆಗೆ ಒಂದು ಟನ್ನಿನ ಒಳ್ಳೆಯ ಎಸಿ ಹಾಕಿಸಿದ್ದರೆ ಯಾರಾದರೂ ಕೈಮುಗಿಯುತ್ತಿದ್ದರು. ಆದರೆ ಅವರು ಮನೆ ಮಾರುವಾಗ ಹಾಕಿಸಿದ್ದು ಕೆಳಗಿನ ಹಜಾರಕ್ಕೆ, ಬಾಗಿಲು ತೆರೆದೊಡನೆ ಕಾಣಲೆಂದು. ಆ ಹಜಾರಕ್ಕೆ ಮೆಟ್ಟಿಲು ತೆರೆದುಕೊಂಡಿದೆ, ತಂಪು ನಿಲ್ಲುವುದೆಲ್ಲಿ? ಕೊಂಡವರು ಮೇಷ್ಟರ ಸಂಸಾರ. ಒಂದು ಬೇಸಿಗೆ ನೋಡಿ, ಅದನ್ನು ಕಳಚಿಸಿ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿಸಿದರು.

ಎಸಿಯಲ್ಲಿ ಹೋಗುವುದು ದುಡ್ಡು. ಗೀಸರಿನಲ್ಲಿ ಜೀವವೂ ಹೋಗಬಹುದು. ನಮ್ಮ ಕೆ.ಆರ್. ಪೇಟೆಯ ಬೀದಿಯಲ್ಲೇ ಒಬ್ಬರು ಮಾರುವ ಅವಸರದಲ್ಲಿ ಹಳೆ ವೈರಿಗೇ ಹೊಸ ಗೀಸರ್ ಸಿಕ್ಕಿಸಿದರು. ಅರ್ಥಿಂಗ್ ಇರಲಿಲ್ಲ. ಮೇಲೆ ಮಿರಮಿರ ಮಿಂಚುವ ಟೈಲ್ಸು. ಕೊಂಡವರ ಸೊಸೆ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿ ಹಾರಿ ಬಿದ್ದಳು. ಬದುಕಿದಳು, ಪುಣ್ಯ. ಎರಡು ಸಾವಿರ ವ್ಯಾಟಿನ ಗೀಸರಿಗೆ ದೀಪದ ವೈರು ಸಾಲದು. ಬೇರೆಯ ದಪ್ಪ ವೈರು, ಹದಿನಾರು ಆಂಪಿಯರಿನ ಪ್ಲಗ್ಗು, ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಬೇಕು. ಇವು ಯಾವುವೂ ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಮಾರುವವರ ಚೀಟಿಯಲ್ಲಿ ಇವು ಇರುವುದಿಲ್ಲ.

ನಾಗಮಂಗಲದ ಚಿಕ್ಕಮ್ಮನ ಮನೆಯಲ್ಲಿ ಇನ್ನೊಂದು ಉಪಾಯ ನಡೆಯುವುದರಲ್ಲಿತ್ತು. ಕರೆಂಟಿನ ರಗಳೆಯೇ ಬೇಡ, ಗ್ಯಾಸ್ ಗೀಸರ್ ಹಾಕಿಸೋಣ, ಅದು ಅಗ್ಗ ಎಂದು ಅವಳ ಅಳಿಯ. ಬಚ್ಚಲೆಂದರೆ ಎರಡಾಳು ನಿಲ್ಲಲಾಗದ ಗೂಡು, ಕಿಟಕಿಯಿಲ್ಲ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು ಅಲ್ಲೇ ಸತ್ತ ಸುದ್ದಿಯನ್ನು ಚಳಿಗಾಲದಲ್ಲಿ ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ನಾನು ಹೋಗಿ ಕೂಗಾಡಿದ ಮೇಲೆ ನಿಂತಿತು. ನನಗೆ ಜಗಳಗಂಟಿ ಎಂಬ ಹೆಸರೂ ಬಂತು. ಬರಲಿ ಬಿಡಿ.

ನೆಟ್ಟಗಿರುವ ಕೊಳ್ಳುವವನು ಎಸಿ ಕೇಳುವ ಮುಂಚೆ ಇ-ಖಾತೆ ಕೇಳುತ್ತಾನೆ, ಋಣಭಾರ ಪತ್ರ ಕೇಳುತ್ತಾನೆ. ಅದರಲ್ಲೂ ಶ್ರೀರಂಗಪಟ್ಟಣದಲ್ಲಿ ಕೇಳಲೇಬೇಕಾದ ಮಾತೊಂದಿದೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಗಿನ ಇನ್ನೂರು ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ನಮ್ಮ ಮನೆ ಆ ನೂರರೊಳಗೇ ಬರುತ್ತದೆ. ಕೊಂಡವನು ಕೆಡವಿ ಕಟ್ಟಲಾರ. ಇದೇ ಹಂಚು, ಇದೇ ತೊಲೆ, ಇದೇ ವೈರಿಂಗಿನ ಜೊತೆ ಬಾಳಬೇಕು. ಅಂಥವನಿಗೆ ಹೇಳಬೇಕಾದ್ದು ಹಂಚು ಎಲ್ಲಿ ಸೋರುತ್ತದೆ, ವೈರು ಎಷ್ಟು ಹಳೆಯದು ಎಂಬುದನ್ನು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮೂ ಇದನ್ನೇ ಹೇಳುತ್ತದೆ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಬಾಯಿಬಿಟ್ಟು ತಿಳಿಸಬೇಕು. ವೈರನ್ನು ಟೈಲ್ಸಿನಡಿ ಹೂತು ಮೇಲೆ ಗೀಸರ್ ತೂಗುಹಾಕುವುದಕ್ಕೆ ಯಾವ ಕಲಮೂ ಒಪ್ಪುವುದಿಲ್ಲ.

ಇಷ್ಟೆಲ್ಲ ಮಾತಾಡಲು ನೀನ್ಯಾರು, ಕೊಟ್ಟ ಹೆಣ್ಣು ಎಂದು ದೊಡ್ಡತ್ತಿಗೆ ಕೇಳಿದರು. ಕೇಳಲಿ. ನನ್ನ ಮದುವೆಯಾದದ್ದು 1991ರಲ್ಲಿ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆಗ ಅಣ್ಣಂದಿರು ನಿಟ್ಟುಸಿರು ಬಿಟ್ಟಿರಬಹುದು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಬೇಲಿ ಹೋಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ತಂದೆ ಆಗ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಬಿಡಿಸಿ ಹೇಳಿತು. ಹೀಗಾಗಿ ಕ್ರಯಪತ್ರಕ್ಕೆ ನನ್ನ ಸಹಿಯೂ ಬೇಕು. ಬಳೆಯ ಕಾಸಿಗೆ ನೆನಪಾಗದ ತಂಗಿ ಸಹಿಗೆ ನೆನಪಾಗಿದ್ದಾಳೆ.

ಸಹಿ ಹಾಕುತ್ತೇನೆ ಎಂದೆ, ಆದರೆ ಕರಾರಿದೆ. ಎಸಿ ಎರಡೂ ಬೇಡ. ಮನೆ ಮಾರಾಟವಾಗಲು ಆರು ತಿಂಗಳಾಗಬಹುದು, ಎರಡು ವರ್ಷವೂ ಆಗಬಹುದು. ಅಷ್ಟು ದಿನ ಆ ಬಚ್ಚಲಲ್ಲಿ ಮೀಯುವವಳು ಅವ್ವ. ಅವಳಿಗೆಂದು ಆರಿಸಿ. ಹದಿನೈದು ಲೀಟರ್ ಸಾಕು, ಎರಡು ಬಕೆಟ್ ಹದವಾದ ನೀರಾಗುತ್ತದೆ, ಒಂದು ಯೂನಿಟ್ಟೂ ಖರ್ಚಾಗುವುದಿಲ್ಲ. ಬೋರಿನ ಗಡಸು ನೀರಿಗೆ ಕಾಯಿಲಿನ ಮೇಲೆ ಸುಣ್ಣ ಕಟ್ಟುತ್ತದೆ, ಬಿಚ್ಚಿ ತೊಳೆಯಲು ಬರುವವರು ಊರಲ್ಲೇ ಇರುವ ಕಂಪನಿಯದಾಗಲಿ. ಗುಂಡಿ ಅವಳ ಕೈಗೆ ಎಟುಕುವಂತೆ, ಬಚ್ಚಲಿನ ಹೊರಗಿರಲಿ. ಮೊದಲು ವೈರಿಂಗ್, ಆಮೇಲೆ ಗೀಸರ್. ಉಳಿದ ಹಣದಲ್ಲಿ ಹಂಚಿನ ಕೆಲಸಕ್ಕೆ ಅನುಮತಿಗೆ ಬರೆಯಿರಿ. ಸಿಗದಿದ್ದರೆ ಸೋರುತ್ತದೆಂದು ಹೇಳಿಯೇ ಮಾರಿ, ಐದು ಲಕ್ಷ ಕಡಿಮೆಯಾದರೆ ನನ್ನ ಪಾಲಿನಲ್ಲೂ ಕಡಿಮೆಯಾಗಲಿ.

ಚಿಕ್ಕಣ್ಣ ಒಪ್ಪಿದ. ದೊಡ್ಡಣ್ಣ ಒಂದು ವಾರ ಫೋನ್ ಎತ್ತಲಿಲ್ಲ. ಕಳೆದ ತಿಂಗಳು ಗೀಸರ್ ಬಂತು, ಅರ್ಥಿಂಗ್ ಗುಂಡಿ ತೋಡುವಾಗ ನಾನೇ ನಿಂತಿದ್ದೆ. ಅವ್ವ ಮೊದಲ ದಿನ ಗುಂಡಿ ಒತ್ತಲು ಹೆದರಿದಳು. ಈಗ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾಳಂತೆ. ನಾಲ್ಕೂವರೆಗೇ ಏಳುವುದನ್ನು ಮಾತ್ರ ಬಿಟ್ಟಿಲ್ಲ.

ತಾತ ನಾಗಮಂಗಲದಿಂದ ಹೊರಿಸಿಕೊಂಡು ತಂದ ತಾಮ್ರದ ಹಂಡೆ ಇನ್ನೂ ಒಲೆಯ ಮೇಲೇ ಇದೆ. ಬ್ರೋಕರ್ ಮೊನ್ನೆ ಬಂದವನು ಅದನ್ನು ತಟ್ಟಿ ನೋಡಿ, ತೂಕಕ್ಕೆ ಹಾಕಿದರೆ ತಾನೇ ಕೊಳ್ಳುವೆನೆಂದನಂತೆ. ಹಂಡೆ ಮನೆಯ ಜೊತೆ ಹೋಗುವುದಿಲ್ಲ, ಅವ್ವ ಹೇಳಿದ ಕಡೆ ಹೋಗುತ್ತದೆ ಎಂದು ಕರಾರುಪತ್ರದಲ್ಲಿ ಒಂದು ಸಾಲು ಬರೆಸಲು ಹೇಳಿದ್ದೇನೆ. ದೊಡ್ಡಣ್ಣ ಇನ್ನೂ ಉತ್ತರ ಕೊಟ್ಟಿಲ್ಲ.