‘ಕೆರೆಯ ಮಹತ್ವ’ ಬರೆಸುವುದನ್ನು ಮೊದಲು ನಿಲ್ಲಿಸಿ

ಬರೆಯಲು ಕೂತರೆ ಒಂದು ಸಾಲೂ ಹುಟ್ಟುವುದಿಲ್ಲ ಎನ್ನುವ ಹುಡುಗರನ್ನು ಕಂಡರೆ ನಮಗೆ ಸಿಟ್ಟು ಬರುವುದು ಅವರ ಮೇಲಲ್ಲ, ಅವರಿಗೆ ವಿಷಯ ಕೊಟ್ಟವರ ಮೇಲೆ. ಹತ್ತು ವರ್ಷ ಶಾಲೆಯಲ್ಲಿ ಬರೆಸಿದ್ದೇನು? ‘ಗ್ರಂಥಾಲಯದ ಮಹತ್ವ’, ‘ರಾಷ್ಟ್ರೀಯ ಹಬ್ಬಗಳು’, ‘ಪರಿಸರ ಮಾಲಿನ್ಯ’. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗೈಡ್ ನೋಡಿ ಬಾಯಿಪಾಠ ಮಾಡಿದರೆ ಅಂಕ. ಸ್ವಂತ ಊರಿನ ಹೆಸರು ಬರೆಯುವ ಅಗತ್ಯವೇ ಬೀಳದ ಪ್ರಬಂಧ. ಈಗ ಮೊಬೈಲಿಗೆ ಬರುವ ‘ಮಳೆಯ ದಿನ’, ‘ನನ್ನ ಕನಸು’ ಪಟ್ಟಿಗಳೂ ಅದೇ ಗೈಡು, ಬಣ್ಣ ಬೇರೆ.

ಹಾಗಂತ ವಿಷಯ ಕೊಟ್ಟು ಬರೆಸುವುದೇ ತಪ್ಪು, ಸ್ಫೂರ್ತಿ ತಾನಾಗೇ ಬರಬೇಕು ಎನ್ನುವ ಹಿರಿಯರ ಮಾತನ್ನೂ ನಾವು ಒಪ್ಪುವುದಿಲ್ಲ. ಅವಧಾನದಲ್ಲಿ ನಾಲ್ಕು ಪದ ಕೊಟ್ಟು ಅವನ್ನೇ ಬಳಸಿ ಪದ್ಯ ಕಟ್ಟಿ ಎನ್ನುತ್ತಾರೆ, ಅದು ದತ್ತಪದಿ. ಅರ್ಥಗೆಟ್ಟಂತೆ ಕಾಣುವ ಒಂದು ಸಾಲು ಕೊಟ್ಟು ಉಳಿದ ಮೂರರಲ್ಲಿ ಸರಿಮಾಡಿ ಎನ್ನುತ್ತಾರೆ, ಅದು ಸಮಸ್ಯಾಪೂರಣ. ಕೊಟ್ಟದ್ದು ಬಿಗಿಯಾಗಿದ್ದಷ್ಟೂ ಬುದ್ಧಿ ಓಡುತ್ತದೆ.

ದೂರ ಯಾಕೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೇ ಬನ್ನಿ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಸಂಸ್ಕೃತ ಶಾಸನ 5ನೇ ಶತಮಾನದ್ದು. ಬರೆಸಿದವನು ಕದಂಬ ದೊರೆ ಶಾಂತಿವರ್ಮ, ಬರೆದವನು ಕವಿ ಕುಬ್ಜ. ವಿಷಯ ಇಷ್ಟೇ: ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೇವಸ್ಥಾನದ ಬಳಿ ತೋಡಿಸಿದ ಕೆರೆ. ಕುಬ್ಜ ‘ಕೆರೆಯ ಮಹತ್ವ’ ಬರೆಯಲಿಲ್ಲ. ಓದಲು ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಆದ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಎಲ್ಲವನ್ನೂ ಆ ಕೆರೆಯ ನೆಪದಲ್ಲಿ ಹೇಳಿದ. ಕದಂಬರ ಹುಟ್ಟಿನ ಕಥೆ ಇವತ್ತು ನಮಗೆ ಗೊತ್ತಿರುವುದು ಬಹುಪಾಲು ಆ ಕಂಬದಿಂದ.

ಸೊರಬ ತಾಲ್ಲೂಕಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ‘ವೀರಗಲ್ಲಿನ ಮಹತ್ವ’ ಎಂದರೆ ಹುಡುಗಿ ಪೆನ್ನು ಕಚ್ಚುತ್ತಾಳೆ. ‘ಈ ಕಲ್ಲಲ್ಲಿ ಎಷ್ಟು ದನ ಕೆತ್ತಿದ್ದಾರೆ, ಈಗ ಅದರ ಮೇಲೆ ಬಟ್ಟೆ ಒಗೆಯುವವರು ಯಾರು’ ಎಂದು ಕೇಳಿ, ಎದ್ದು ಹೋಗಿ ನೋಡಿ ಬಂದು ಬರೆಯುತ್ತಾಳೆ.

ವರದಿಗಾರರಾದ ನಮ್ಮದೂ ಇದೇ ರೋಗ. ಸಾಲು ಹುಟ್ಟದ ದಿನ ಇಲಾಖೆಯ ಪತ್ರಿಕಾ ಪ್ರಕಟಣೆಯನ್ನೇ ನಮ್ಮ ಹೆಸರಲ್ಲಿ ಕಳಿಸಿದ್ದೇವೆ. ಅವತ್ತು ಕಾಲುವೆಗೆ ನೀರು ಬಾರದವರ ಸುದ್ದಿ ನೋಟ್‌ಬುಕ್ಕಿನಲ್ಲೇ ಉಳಿಯಿತು.

ಈ ವಾರ ಯಾರಿಗಾದರೂ ಕೈ ಓಡದಿದ್ದರೆ ಇದನ್ನು ತಗೊಳ್ಳಿ: ನಿಮ್ಮೂರ ಕೆರೆಯ ಹೂಳು ಕೊನೇ ಸಲ ಎತ್ತಿದ್ದು ಯಾವ ವರ್ಷ, ಬಿಲ್ ಎಷ್ಟಾಯಿತು, ಆ ಗೋಡು ಯಾರ ತೋಟಕ್ಕೆ ಹೋಯಿತು?